ಅತಿ ದೊಡ್ಡ ಹಕ್ಕಿ ಯಾವುದು?

ಶಾಲೆಯ ಮಕ್ಕಳನ್ನು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: ಉಷ್ಟ್ರಪಕ್ಷಿ. ಈಗ ಬದುಕಿರುವ ಹಕ್ಕಿಗಳ ಮಟ್ಟಿಗೆ ಅದು ಸರಿಯೇ. ಬಲಿತ ಗಂಡು ಕತ್ತೆತ್ತಿ ನಿಂತರೆ ಸುಮಾರು 9 ಅಡಿ ಎತ್ತರ, ತೂಕ 100ರಿಂದ 150 ಕಿಲೋ. ಆದರೆ ದೊಡ್ಡದು ಎನ್ನುವಾಗ ಏನನ್ನು ಅಳೆಯುತ್ತೇವೆ ಎಂದು ಕೇಳಿಕೊಂಡ ಕೂಡಲೇ ಉತ್ತರ ಕವಲೊಡೆಯುತ್ತದೆ. ಬಿಚ್ಚಿದ ರೆಕ್ಕೆಯ ಅಗಲ ಲೆಕ್ಕಕ್ಕೆ ಬಂದರೆ ದಕ್ಷಿಣ ಸಾಗರದ ವಾಂಡರಿಂಗ್ ಆಲ್ಬಟ್ರಾಸ್ ಮುಂದು. ಅದರ ರೆಕ್ಕೆ ತುದಿಯಿಂದ ತುದಿಗೆ 3.5 ಮೀಟರ್. ಹಾರಬಲ್ಲ ಹಕ್ಕಿಗಳಲ್ಲಿ ಎತ್ತರದ್ದು ಉತ್ತರ ಭಾರತದ ಗದ್ದೆಬಯಲುಗಳ ಸಾರಸ್ ಕೊಕ್ಕರೆ, ಹತ್ತಿರ ಹತ್ತಿರ 6 ಅಡಿ. ಹಾರುವ ಹಕ್ಕಿಗಳಲ್ಲಿ ತೂಕದ್ದು ಆಫ್ರಿಕಾದ ಕೋರಿ ಬಸ್ಟರ್ಡ್ ಮತ್ತು ಯುರೋಪ್‌, ಏಷ್ಯಾಗಳ ಗ್ರೇಟ್ ಬಸ್ಟರ್ಡ್. ದೊಡ್ಡ ಗಂಡುಗಳು 18 ಕಿಲೋ ತೂಗುತ್ತವೆ. ನಮ್ಮ ಎರೆಭೂಮಿಯ ಎರ್ಲಡ್ಡು ಇದೇ ಬಳಗದ್ದು. ಅದರ ಬಲಿತ ಗಂಡು 15 ಕಿಲೋದವರೆಗೆ ಬೆಳೆಯುತ್ತದೆ.

ಅಳಿದುಹೋದ ಹಕ್ಕಿಗಳನ್ನೂ ಸೇರಿಸಿಕೊಂಡರೆ ಈ ಪಟ್ಟಿಯಲ್ಲಿ ಬಹುಪಾಲು ಕುಸಿದುಬೀಳುತ್ತದೆ. ಮಡಗಾಸ್ಕರ್‌, ನ್ಯೂಜಿಲೆಂಡ್‌, ಆಸ್ಟ್ರೇಲಿಯಾ, ಅರ್ಜೆಂಟೀನಾ, ಕ್ರಿಮಿಯಾಗಳ ಮಣ್ಣಿನಿಂದ ಎದ್ದುಬಂದ ಮೂಳೆಗಳ ಮುಂದೆ ಉಷ್ಟ್ರಪಕ್ಷಿ ಮಧ್ಯಮ ಗಾತ್ರದ್ದು. ಅವುಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬ ವಾದ ಸುಮಾರು ಎರಡು ಶತಮಾನದಿಂದ ನಡೆದಿದೆ. ಇಷ್ಟು ಕಾಲದಲ್ಲಿ ಮೊದಲ ಸ್ಥಾನ ಕೈಬದಲಾಯಿಸಿದ್ದಕ್ಕೆ ಹೊಸ ಹಕ್ಕಿಗಳು ಸಿಕ್ಕಿದ್ದು ಒಂದು ಕಾರಣವಾದರೆ, ಸಂಗ್ರಹಾಲಯಗಳಲ್ಲಿ ಆಗಲೇ ಇದ್ದ ಮೂಳೆಗಳನ್ನು ಹೊಸ ಬಗೆಯಲ್ಲಿ ಅಳೆದದ್ದು ಅದಕ್ಕಿಂತ ದೊಡ್ಡ ಕಾರಣ. ಹಾಗಾಗಿ ಈ ಸಮೀಕ್ಷೆ ಹಕ್ಕಿಗಳದ್ದಷ್ಟೇ ಅಲ್ಲ, ಅಳತೆಗೋಲುಗಳದ್ದೂ ಹೌದು.

ಒಂದು ಮೂಳೆ, ಒಂದು ಮೊಟ್ಟೆ

ಚರ್ಚೆಯ ಮೊದಲ ಹೆಜ್ಜೆ 1839ರ ಲಂಡನ್‌ನಲ್ಲಿ ಬಿತ್ತು. ನ್ಯೂಜಿಲೆಂಡಿನಿಂದ ಬಂದ, ಎರಡೂ ತುದಿ ಮುರಿದ, ಗೇಣುದ್ದಕ್ಕೂ ಕಡಿಮೆಯ ಒಂದು ಮೂಳೆಚೂರು ಅಂಗರಚನಾ ತಜ್ಞ ರಿಚರ್ಡ್ ಓವೆನ್ ಕೈಗೆ ಬಂತು. ಅದರ ಒಳರಚನೆಯನ್ನು ನೋಡಿದ ಓವೆನ್, ಇದು ಉಷ್ಟ್ರಪಕ್ಷಿಯಷ್ಟು ದೊಡ್ಡ, ಆದರೆ ಅದಕ್ಕಿಂತ ದಪ್ಪ ಮೈಯ ಹಕ್ಕಿಯ ತೊಡೆಮೂಳೆ ಎಂದು ಸಾರಿದರು. ಒಂದೇ ಚೂರಿನ ಮೇಲೆ ಇಷ್ಟು ಹೇಳುವುದು ದುಸ್ಸಾಹಸವೆಂದು ಅನೇಕರಿಗೆ ಅನ್ನಿಸಿತು. ಪಾದ್ರಿ ವಿಲಿಯಂ ವಿಲಿಯಮ್ಸ್ ಕಳಿಸಿದ ಮೂಳೆಗಳ ಪೆಟ್ಟಿಗೆ 1843ರಲ್ಲಿ ಲಂಡನ್ ಮುಟ್ಟಿದಾಗ ಓವೆನ್ ಮಾತು ನಿಜವಾಯಿತು. ಅವರು ಅದಕ್ಕೆ ಡೈನಾರ್ನಿಸ್ ಎಂದು ಹೆಸರಿಟ್ಟರು. ಮಾವೋರಿಗಳ ಬಾಯಲ್ಲಿ ಅದು ಮೋವಾ.

ಮಡಗಾಸ್ಕರ್ ಕಥೆ ಇದಕ್ಕೂ ಹಿಂದಿನದು. ಫ್ರೆಂಚ್ ಗವರ್ನರ್ ಎಟಿಯೆನ್ ದ ಫ್ಲಾಕೂರ್ 1658ರ ತನ್ನ ಪುಸ್ತಕದಲ್ಲಿ ದ್ವೀಪದ ದಕ್ಷಿಣದ ನಿರ್ಜನ ನೆಲದಲ್ಲಿ ಉಷ್ಟ್ರಪಕ್ಷಿಯಂತೆ ಮೊಟ್ಟೆಯಿಡುವ ದೊಡ್ಡ ಹಕ್ಕಿಯೊಂದಿದೆ ಎಂದು ಬರೆದಿದ್ದ. ಅದಕ್ಕೆ ಸಾಕ್ಷಿ ಸಿಕ್ಕಿದ್ದು ಸುಮಾರು ಇನ್ನೂರು ವರ್ಷದ ನಂತರ. ಪ್ಯಾರಿಸ್‌ಗೆ ತಲುಪಿದ ಮೊಟ್ಟೆಗಳನ್ನೂ ಕೆಲವು ಮೂಳೆಗಳನ್ನೂ ನೋಡಿ ಇಸಿಡೋರ್ ಜೆಫ್ರಾಯ್ ಸೇಂಟ್-ಹಿಲೇರ್ 1851ರಲ್ಲಿ ಈಪಿಯಾರ್ನಿಸ್ ಮ್ಯಾಕ್ಸಿಮಸ್ ಎಂಬ ಹೆಸರು ಕೊಟ್ಟರು. ಆ ಮೊಟ್ಟೆಯ ಉದ್ದ ಒಂದು ಅಡಿ. ಎಂಟು ಲೀಟರಿಗೂ ಹೆಚ್ಚು ಹಿಡಿಸುವ ಅದರೊಳಗೆ ಸುಮಾರು 150 ಕೋಳಿಮೊಟ್ಟೆಗಳ ಸಾರವನ್ನು ತುಂಬಬಹುದಿತ್ತು. ತಿಳಿದಿರುವ ಪಕ್ಷಿಮೊಟ್ಟೆಗಳಲ್ಲಿ ಇಂದಿಗೂ ಅದೇ ದೊಡ್ಡದು. ಆನೆಹಕ್ಕಿ ಎಂದು ಜಗತ್ತು ಕರೆಯುವುದು ಈ ಬಳಗವನ್ನು.

ಹೀಗೆ ಚರ್ಚೆಗೆ ಶುರುವಿನಲ್ಲೇ ಇಬ್ಬರು ಎದುರಾಳಿಗಳು ಸಿಕ್ಕರು. ಮೋವಾ ಎತ್ತರದ್ದು; ಕತ್ತನ್ನು ನೆಟ್ಟಗೆ ಎತ್ತಿದರೆ 3.6 ಮೀಟರ್. ಆನೆಹಕ್ಕಿ ಅಷ್ಟು ಎತ್ತರವಿಲ್ಲ, ಆದರೆ ತೂಕದಲ್ಲಿ ಮೋವಾವನ್ನು ಎಲ್ಲೋ ಹಿಂದೆ ಬಿಡುತ್ತದೆ. ಎಷ್ಟು ತೂಕ ಎಂಬುದೇ ಮುಂದಿನ ಜಗಳ.

ಇಲ್ಲದ ಮೈಯನ್ನು ತೂಗುವ ಬಗೆ

ಸತ್ತು ಸಾವಿರ ವರ್ಷವಾದ ಹಕ್ಕಿಯನ್ನು ತಕ್ಕಡಿಗೆ ಹಾಕಲಾಗದು. ಇದಕ್ಕೆ ಎರಡು ದಾರಿ ಬೆಳೆದಿವೆ.

ಮೊದಲನೆಯದು ಕಾಲಮೂಳೆಯ ಸುತ್ತಳತೆ. ಎರಡು ಕಾಲಿನ ಮೇಲೆ ನಿಲ್ಲುವ ಪ್ರಾಣಿಯ ಇಡೀ ಭಾರ ಆ ಎರಡು ಕಂಬಗಳ ಮೇಲೆಯೇ ಬೀಳುವುದರಿಂದ ಕಂಬದ ದಪ್ಪಕ್ಕೂ ಭಾರಕ್ಕೂ ಒಂದು ಲೆಕ್ಕ ಇರಲೇಬೇಕು. ಬದುಕಿರುವ ಹಕ್ಕಿಗಳಲ್ಲಿ ಆ ಲೆಕ್ಕ ಕಟ್ಟಿ, ಅಳಿದವುಗಳಿಗೆ ಅನ್ವಯಿಸುತ್ತಾರೆ. ಅಮೆರಿಕದ ಡೀನ್ ಅಮಡಾನ್ 1947ರಲ್ಲಿ ಈ ಬಗೆಯಲ್ಲಿ ಆನೆಹಕ್ಕಿಯ ತೂಕವನ್ನು ಸುಮಾರು 440 ಕಿಲೋ ಎಂದು ಅಂದಾಜಿಸಿದರು. ಆ ಸಂಖ್ಯೆ ದಶಕಗಳ ಕಾಲ ಪುಸ್ತಕಗಳಲ್ಲಿ ಉಳಿಯಿತು. ಈ ದಾರಿಯ ಬಲ ಎಂದರೆ ಒಂದೇ ಮೂಳೆ ಸಿಕ್ಕರೂ ಸಾಕು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಲೆಕ್ಕ ಕಟ್ಟಿದ್ದು 150 ಕಿಲೋ ದಾಟದ ಹಕ್ಕಿಗಳ ಮೇಲೆ, ಅನ್ವಯಿಸುವುದು ಅದರ ನಾಲ್ಕೈದು ಪಟ್ಟು ತೂಕದವುಗಳ ಮೇಲೆ. ಜೊತೆಗೆ ಮೋವಾದಂಥ ಹಕ್ಕಿಯ ಕಾಲು ಅದರ ಮೈಗೆ ಹೋಲಿಸಿದರೆ ವಿಪರೀತ ದಪ್ಪ.

ಎರಡನೆಯ ದಾರಿಯಲ್ಲಿ ಪೂರ್ಣ ಅಸ್ಥಿಪಂಜರವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅದರ ಮೇಲೆ ಮೈಯ ಹೊರಗೆರೆ ಎಳೆದು ಗಾತ್ರ ಕಂಡುಕೊಳ್ಳುತ್ತಾರೆ. ಷಾರ್ಲಟ್ ಬ್ರಾಸಿ ಮತ್ತು ಸಂಗಡಿಗರು 2013ರಲ್ಲಿ ಹೀಗೆ ಲೆಕ್ಕ ಹಾಕಿದಾಗ ದೈತ್ಯ ಮೋವಾದ ತೂಕ 200 ಕಿಲೋಗಿಂತ ತುಸು ಕೆಳಗೆ ಬಂತು. ಕಾಲಮೂಳೆಯ ಲೆಕ್ಕ ಕೊಡುತ್ತಿದ್ದುದು ಅದಕ್ಕಿಂತ ಹೆಚ್ಚು. ಇದು ಹೆಚ್ಚು ನಂಬಿಕೆಗೆ ಅರ್ಹವಾದ ದಾರಿ. ಆದರೆ ಅದಕ್ಕೆ ಒಂದೇ ಹಕ್ಕಿಯ ಪೂರ್ಣ ಪಂಜರ ಬೇಕು. ಸಂಗ್ರಹಾಲಯಗಳಲ್ಲಿ ನಿಂತಿರುವ ಆನೆಹಕ್ಕಿಗಳಲ್ಲಿ ಅನೇಕ ಹಲವು ಹಕ್ಕಿಗಳ ಮೂಳೆ ಕೂಡಿಸಿ ಕಟ್ಟಿದವು.

ಹೆಣ್ಣೋ, ಬೇರೆ ಜಾತಿಯೋ?

ತೂಕದಷ್ಟೇ ಗೋಜಲಿನದು ಜಾತಿಯ ಪ್ರಶ್ನೆ. ಒಂದೇ ನೆಲದಲ್ಲಿ ದೊಡ್ಡ ಮೂಳೆಯೂ ಚಿಕ್ಕ ಮೂಳೆಯೂ ಸಿಕ್ಕರೆ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಎರಡು ಹೆಸರು ಇಡುತ್ತಿದ್ದರು. ಮೋವಾಕ್ಕೆ ಹೀಗೆ ರಾಶಿ ಹೆಸರು ಬಂದವು. ನೇಚರ್ ಪತ್ರಿಕೆಯಲ್ಲಿ 2003ರಲ್ಲಿ ಒಟ್ಟಿಗೆ ಬಂದ ಎರಡು ಡಿಎನ್‌ಎ ಅಧ್ಯಯನಗಳು ಇದನ್ನು ಬುಡಮೇಲು ಮಾಡಿದವು. ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದ ದೊಡ್ಡ, ಚಿಕ್ಕ ಮೋವಾಗಳಲ್ಲಿ ಹಲವು ಅಸಲಿಗೆ ಒಂದೇ ಜಾತಿಯ ಹೆಣ್ಣು ಗಂಡುಗಳಾಗಿದ್ದವು. ಹೆಣ್ಣು ಗಂಡಿಗಿಂತ ಒಂದೂವರೆ ಪಟ್ಟು ಎತ್ತರ, ಎರಡೂವರೆ ಪಟ್ಟಿಗೂ ಹೆಚ್ಚು ತೂಕ. ಮುಂದೆ 2010ರಲ್ಲಿ ಮೊಟ್ಟೆಯೋಡಿನ ಹೊರಮೈಯಲ್ಲಿ ಸಿಕ್ಕ ಡಿಎನ್‌ಎ ಗಂಡಿನದ್ದೆಂದು ತಿಳಿದಾಗ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಅಷ್ಟು ತೆಳು ಓಡಿನ ಮೊಟ್ಟೆಯ ಮೇಲೆ ಕಾವು ಕೂರುತ್ತಿದ್ದುದು ಹಗುರ ಮೈಯ ಗಂಡು.

ಮಡಗಾಸ್ಕರ್‌ನಲ್ಲೂ ಇದೇ ಪ್ರಶ್ನೆ ಎದ್ದಿದೆ, ಇನ್ನೂ ತೀರ್ಮಾನವಾಗಿಲ್ಲ. ಜೇಮ್ಸ್ ಹ್ಯಾನ್ಸ್‌ಫರ್ಡ್ ಮತ್ತು ಸ್ಯಾಮ್ಯುಯೆಲ್ ಟರ್ವಿ 2018ರಲ್ಲಿ ಜಗತ್ತಿನ ಸಂಗ್ರಹಗಳಲ್ಲಿದ್ದ ನೂರಾರು ಆನೆಹಕ್ಕಿ ಮೂಳೆಗಳನ್ನು ಅಳೆದು, ಅತಿ ದೊಡ್ಡವು ಬೇರೆಯೇ ಕುಲಕ್ಕೆ ಸೇರಿದವೆಂದು ವಾದಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು ವೊರೊಂಬೆ ಟೈಟನ್. ಅದರ ಸರಾಸರಿ ತೂಕ ಸುಮಾರು 650 ಕಿಲೋ, ಅತಿ ದೊಡ್ಡ ಮೂಳೆಯ ಒಡೆಯನದ್ದು 860 ಕಿಲೋ ಎಂಬುದು ಅವರ ಲೆಕ್ಕ. ಮೊದಲ ಸ್ಥಾನ ಇದಕ್ಕೇ ಎಂದು ಪತ್ರಿಕೆಗಳು ಬರೆದವು. ಐದು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ಅಲಿಷಿಯಾ ಗ್ರೀಲಿ ಮತ್ತು ಸಂಗಡಿಗರು ಮೊಟ್ಟೆಯೋಡಿನ ಹಳೆಯ ಡಿಎನ್‌ಎ ಓದಿ ಬೇರೆ ಮಾತು ಹೇಳಿದರು. ವೊರೊಂಬೆ ಎನ್ನಿಸಿಕೊಂಡದ್ದು ಈಪಿಯಾರ್ನಿಸ್ ಮ್ಯಾಕ್ಸಿಮಸ್‌ನಿಂದ ಬೇರೆಯಾಗಿ ಕಾಣುತ್ತಿಲ್ಲ. ಮೋವಾದಲ್ಲಿ ಆದಂತೆ ಇದೂ ಆ ಜಾತಿಯ ದೊಡ್ಡ ಲಿಂಗವೇ ಇದ್ದೀತು.

ಎರಡೂ ಪಕ್ಷಕ್ಕೆ ತಮ್ಮ ತಮ್ಮ ಬಲವಿದೆ. ಮೂಳೆಯ ಪಕ್ಷದ ಕೈಯಲ್ಲಿ ನೇರ ಅಳತೆಯಿದೆ, ವಂಶದ ಸಾಕ್ಷಿಯಿಲ್ಲ. ಓಡಿನ ಪಕ್ಷದ ಕೈಯಲ್ಲಿ ವಂಶವಿದೆ, ಆದರೆ ಆ ಓಡು ಯಾವ ಮೂಳೆಯ ಹಕ್ಕಿ ಇಟ್ಟದ್ದು ಎಂದು ತೋರಿಸುವುದು ಕಷ್ಟ. ಮಡಗಾಸ್ಕರಿನ ಬಿಸಿಯಲ್ಲಿ ಮೂಳೆಯೊಳಗಿನ ಡಿಎನ್‌ಎ ಬೇಗ ಹಾಳಾಗುವುದೇ ಈ ಬಿಕ್ಕಟ್ಟಿಗೆ ಮೂಲ.

ಆನೆಹಕ್ಕಿಗೆ ಎದುರಾಳಿಗಳೂ ಉಂಟು. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಆಲ್ಕೂಟದಲ್ಲಿ ಸಿಕ್ಕ, ಸುಮಾರು 80 ಲಕ್ಷ ವರ್ಷ ಹಿಂದಿನ ಡ್ರೊಮಾರ್ನಿಸ್ ಸ್ಟಿರ್ಟೋನಿ ಹತ್ತು ಅಡಿ ಎತ್ತರದ್ದು. ಇದರಲ್ಲಿ ಮೋವಾಕ್ಕೆ ತಿರುಗುಮುರುಗು, ಗಂಡೇ ದೊಡ್ಡದು: ಗಂಡು 550 ಕಿಲೋ ಆಸುಪಾಸು, ಹೆಣ್ಣು 450ರ ಹತ್ತಿರ ಎಂದು 2016ರ ಅಧ್ಯಯನ ಹೇಳಿತು. ಇದರ ಹತ್ತಿರದ ನೆಂಟರು ಉಷ್ಟ್ರಪಕ್ಷಿಗಳಲ್ಲ; ಬಾತು, ಕೋಳಿಗಳ ದೊಡ್ಡ ಬಳಗಕ್ಕೆ ಇದು ಸೇರಿದ್ದು. ಕ್ರಿಮಿಯಾದ ತೌರಿದಾ ಗುಹೆಯಲ್ಲಿ ಸಿಕ್ಕ ತೊಡೆಮೂಳೆಯಿಂದ 2019ರಲ್ಲಿ ಬೆಳಕಿಗೆ ಬಂದ ಪ್ಯಾಕಿಸ್ಟ್ರೂಥಿಯೋ ಹಕ್ಕಿಗೆ ಸುಮಾರು 450 ಕಿಲೋ ತೂಕ ಅಂದಾಜಿಸಿದ್ದಾರೆ. ಈಗಿನ ಸಾಕ್ಷಿಯಲ್ಲಿ ತೂಕದ ಮೊದಲ ಸ್ಥಾನ ಆನೆಹಕ್ಕಿಗೇ ಸಲ್ಲುತ್ತದೆ, ಅದನ್ನು ಯಾವ ಹೆಸರಿನಿಂದ ಕರೆದರೂ.

ಆಕಾಶದಲ್ಲಿ ಎಷ್ಟು ದೊಡ್ಡದಾಗಬಹುದು?

ಹಾರಾಟ ಬಿಟ್ಟ ಹಕ್ಕಿಗೆ ತೂಕ ಅಷ್ಟಾಗಿ ಹೊರೆಯಾಗದು. ಹಾರುವ ಹಕ್ಕಿಗೆ ಪ್ರತಿ ಕಿಲೋ ಸಾಲವಾಗುತ್ತದೆ. ಇಲ್ಲಿನ ಸ್ಪರ್ಧೆ ಇಬ್ಬರದು. ಕೆನೆತ್ ಕ್ಯಾಂಪ್‌ಬೆಲ್ ಮತ್ತು ಎಡುವಾರ್ಡೊ ಟೋನಿ 1980ರಲ್ಲಿ ಪರಿಚಯಿಸಿದ ಅರ್ಜೆಂಟೀನಾದ ಅರ್ಜೆಂಟೇವಿಸ್ ಸುಮಾರು 60 ಲಕ್ಷ ವರ್ಷ ಹಿಂದಿನದು, ತೂಕ 70 ಕಿಲೋ. ಅದರ ರೆಕ್ಕೆಯ ಹರವು 7 ಮೀಟರಿಗೂ ಹೆಚ್ಚು ಎಂದು ಮೊದಲು ಬರೆದಿದ್ದರು. ಇನ್ನೊಂದು ಪೆಲಗಾರ್ನಿಸ್ ಸ್ಯಾಂಡರ್ಸಿ. ಅಮೆರಿಕದ ಚಾರ್ಲ್ಸ್‌ಟನ್ ವಿಮಾನ ನಿಲ್ದಾಣದ ಕಾಮಗಾರಿಯಲ್ಲಿ 1983ರಲ್ಲಿ ಸಿಕ್ಕ, ಕೊಕ್ಕಿನಲ್ಲಿ ಮೂಳೆಯ ಹಲ್ಲುಗಳಿದ್ದ ಈ ಕಡಲಹಕ್ಕಿಯನ್ನು ಡೇನಿಯಲ್ ಕ್ಸೆಪ್ಕಾ 2014ರಲ್ಲಿ ವಿವರಿಸಿದರು. ತೂಕ 40 ಕಿಲೋ ಮೀರದಿದ್ದರೂ ರೆಕ್ಕೆ 6.1ರಿಂದ 7.4 ಮೀಟರ್. ಮರುಲೆಕ್ಕದಲ್ಲಿ ಅರ್ಜೆಂಟೇವಿಸ್ ರೆಕ್ಕೆ 6 ಮೀಟರಿನ ಸುತ್ತ ಇಳಿಯಿತು. ರೆಕ್ಕೆಯ ತುದಿಯ ಉದ್ದವೆಲ್ಲ ಗರಿಯದು; ಗರಿ ಕಲ್ಲಾಗಿ ಉಳಿಯುವುದು ಅಪರೂಪ. ಹಾಗಾಗಿ ಇಬ್ಬರ ನಡುವಿನ ಅಂತರ ನಾವು ಊಹಿಸಿಕೊಳ್ಳುವ ಗರಿಯ ಉದ್ದದ ಮೇಲೆ ನಿಂತಿದೆ.

ಹಾರುವ ಹಕ್ಕಿಗೆ ಮೇಲ್ಮಿತಿ ಯಾಕಿದೆ ಎಂಬುದಕ್ಕೆ ಮೂರು ವಿವರಣೆಗಳು ಚಾಲ್ತಿಯಲ್ಲಿವೆ. ಮೊದಲನೆಯದು ಶಕ್ತಿಯ ವಾದ. ಇದನ್ನು ಬೆಳೆಸಿದವರು ಕಾಲಿನ್ ಪೆನಿಕ್ವಿಕ್. ಮೈ ದೊಡ್ಡದಾದಂತೆ ಹಾರಲು ಬೇಕಾಗುವ ಶಕ್ತಿ ಏರುವ ವೇಗದಲ್ಲಿ ಸ್ನಾಯು ಕೊಡಬಲ್ಲ ಶಕ್ತಿ ಏರುವುದಿಲ್ಲ, ಯಾಕೆಂದರೆ ದೊಡ್ಡ ರೆಕ್ಕೆ ನಿಧಾನವಾಗಿ ಬಡಿಯುತ್ತದೆ. ಬಡಿತದಿಂದಲೇ ಹಾರುವ ಹಕ್ಕಿಗೆ ಈ ಗೆರೆಗಳು 15 ಕಿಲೋ ಆಸುಪಾಸಿನಲ್ಲಿ ಸಂಧಿಸುತ್ತವೆ. ಬಸ್ಟರ್ಡ್‌ಗಳು ನಿಂತಿರುವುದು ಸರಿಯಾಗಿ ಅಲ್ಲಿಯೇ. ಎರಡನೆಯದು ಗರಿಯ ವಾದ. ಸೀವರ್ಟ್ ರೋವರ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಮೈ ಬೆಳೆದಷ್ಟು ವೇಗದಲ್ಲಿ ಗರಿ ಬೆಳೆಯದು. ಸವೆದ ಗರಿಗಳನ್ನು ಉದುರಿಸಿ ಹೊಸವನ್ನು ಬೆಳೆಸಿಕೊಳ್ಳಲು ದೊಡ್ಡ ಹಕ್ಕಿಗೆ ಒಂದು ವರ್ಷ ಸಾಲದೇ ಹೋಗುತ್ತದೆ. ಮೂರನೆಯದು ನೆಲ ಬಿಡುವ ಕ್ಷಣದ ವಾದ. ಹಕ್ಕಿ ಎರಡು ಕಾಲಿನಿಂದ ಮಾತ್ರ ಚಿಮ್ಮಬೇಕು. ಹತ್ತು ಮೀಟರ್ ರೆಕ್ಕೆಯ ಟೆರೊಸಾರ್‌ಗಳು ರೆಕ್ಕೆತೋಳನ್ನೂ ನೆಲಕ್ಕೂರಿ ನಾಲ್ಕರಿಂದಲೂ ಚಿಮ್ಮುತ್ತಿದ್ದವು, ಆದ್ದರಿಂದಲೇ ಅವು 200 ಕಿಲೋ ದಾಟಿದವು ಎಂದು ಮೈಕೆಲ್ ಹಬೀಬ್ ಮತ್ತು ಮಾರ್ಕ್ ವಿಟನ್ ವಾದಿಸುತ್ತಾರೆ.

ಹಾಗಾದರೆ 70 ಕಿಲೋದ ಅರ್ಜೆಂಟೇವಿಸ್ ಹಾರಿದ್ದು ಹೇಗೆ? ಭಾರತ ಮೂಲದ ಜೀವಾಶ್ಮ ವಿಜ್ಞಾನಿ ಶಂಕರ್ ಚಟರ್ಜಿ ಮತ್ತು ಸಂಗಡಿಗರು 2007ರಲ್ಲಿ ಕೊಟ್ಟ ಉತ್ತರ ಇದು: ಇಳಿಜಾರಿನಲ್ಲಿ ಓಡಿಯೋ ಎದುರುಗಾಳಿ ಹಿಡಿದೋ ಮೇಲೇಳುತ್ತಿತ್ತು, ಆಮೇಲೆ ಬಯಲಿನ ಬಿಸಿಗಾಳಿಯ ಸುಳಿಗಳನ್ನು ಹತ್ತಿ ತೇಲುತ್ತಿತ್ತು. ಜಪಾನಿನ ಕತ್ಸುಫುಮಿ ಸಾಟೊ ಆಲ್ಬಟ್ರಾಸ್‌ಗಳಿಗೆ ಉಪಕರಣ ಕಟ್ಟಿ ರೆಕ್ಕೆಬಡಿತ ಅಳೆದು, 40 ಕಿಲೋ ಮೇಲಿನ ಹಕ್ಕಿಗೆ ಸುರಕ್ಷಿತ ಹಾರಾಟ ಸಾಧ್ಯವಿಲ್ಲ ಎಂದು 2009ರಲ್ಲಿ ಹೇಳಿದರು. ಎರಡೂ ಮಾತು ಒಟ್ಟಿಗೆ ನಿಲ್ಲಬೇಕಾದರೆ ಆಗಿನ ಗಾಳಿ, ಈಗಿನ ಕಡಲಹಕ್ಕಿಯ ಲೆಕ್ಕ ಇವೆರಡರಲ್ಲಿ ಒಂದನ್ನಾದರೂ ಮತ್ತೆ ಪರಿಶೀಲಿಸಬೇಕು.

ನೆಲದ ದೈತ್ಯರು ಎಲ್ಲಿಂದ ಬಂದರು?

ಉಷ್ಟ್ರಪಕ್ಷಿ, ರಿಯಾ, ಎಮು, ಕ್ಯಾಸೊವರಿ, ಕಿವಿ, ಮೋವಾ, ಆನೆಹಕ್ಕಿ ಎಲ್ಲವೂ ಒಂದೇ ಪುರಾತನ ಬಳಗದವು, ಹೆಚ್ಚಿನವು ದಕ್ಷಿಣದ ಭೂಖಂಡಗಳಲ್ಲಿ ಹರಡಿದವು. ಜೋಯಲ್ ಕ್ರಾಕ್ರಾಫ್ಟ್ 1974ರಲ್ಲಿ ಇದಕ್ಕೆ ಸೊಗಸಾದ ವಿವರಣೆ ಕೊಟ್ಟರು. ಹಾರದ ಒಂದು ಪೂರ್ವಜ ಗೊಂಡ್ವಾನ ಮಹಾಖಂಡದಲ್ಲಿತ್ತು. ಖಂಡ ಒಡೆದು ಸರಿದಂತೆ ಒಂದೊಂದು ತುಂಡಿನ ಮೇಲೆ ಒಂದೊಂದು ದೈತ್ಯ ಉಳಿಯಿತು. ಭೂಖಂಡ ಚಲನೆಯ ಸಿದ್ಧಾಂತ ಆಗಷ್ಟೇ ಗೆದ್ದಿದ್ದ ಕಾಲದಲ್ಲಿ ಇದು ಎಲ್ಲರಿಗೂ ಒಪ್ಪಿಗೆಯಾಯಿತು.

ಆ ಸೊಗಸನ್ನು ಡಿಎನ್‌ಎ ಕೆಡಿಸಿತು. ಅಮೆರಿಕ ಖಂಡಗಳ ಟಿನಾಮು ಹಾರಬಲ್ಲದು. ಆದರೂ ಅದರ ಜಾಗ ಈ ಬಳಗದ ಹೊರಗಿಲ್ಲ, ಒಳಗೇ ಇದೆ ಎಂದು 2008ರ ಅಧ್ಯಯನ ತೋರಿಸಿತು. ಕೀರನ್ ಮಿಚೆಲ್ ಮತ್ತು ಸಂಗಡಿಗರ 2014ರ ಫಲಿತಾಂಶ ಇನ್ನೂ ಅಚ್ಚರಿಯದು: ಆನೆಹಕ್ಕಿಗೆ ಅತಿ ಹತ್ತಿರದ ನೆಂಟ ಪಕ್ಕದ ಆಫ್ರಿಕಾದ ಉಷ್ಟ್ರಪಕ್ಷಿ ಆಗಿರಲಿಲ್ಲ, ಸಾವಿರಾರು ಮೈಲಿ ದೂರದ ನ್ಯೂಜಿಲೆಂಡಿನ ಪುಟ್ಟ ಕಿವಿ ಆಗಿತ್ತು. ಅಂದರೆ ಇವುಗಳ ಪೂರ್ವಜರು ಹಾರಿ ಹೋಗಿ ನೆಲೆಸಿ, ಅಲ್ಲಲ್ಲಿ ಪ್ರತ್ಯೇಕವಾಗಿ ಹಾರಾಟ ಬಿಟ್ಟು, ಪ್ರತ್ಯೇಕವಾಗಿ ದೈತ್ಯರಾದವು. ಡೈನೋಸಾರ್‌ಗಳು ಅಳಿದ ಮೇಲೆ, ಸಸ್ತನಿಗಳು ಬೆಳೆದು ಆ ಜಾಗ ತುಂಬುವ ಮುಂಚಿನ ಅವಧಿಯಲ್ಲಿ ಹಗಲು ಮೇಯುವ ದೊಡ್ಡ ಪ್ರಾಣಿಯ ಸ್ಥಾನ ಖಾಲಿ ಇತ್ತು, ಮೊದಲು ಬಂದವರು ಅದನ್ನು ಹಿಡಿದರು ಎಂಬುದು ಈ ಪಕ್ಷದ ವಾದ.

ಖಾಲಿ ಜಾಗದ ವಾದ ಮಡಗಾಸ್ಕರ್, ನ್ಯೂಜಿಲೆಂಡ್‌ಗಳನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಡ್ರೊಮಾರ್ನಿಸ್ ದೊಡ್ಡ ಹೊಟ್ಟೆಚೀಲದ ಸಸ್ತನಿಗಳ ನಡುವೆಯೇ ಬಾಳಿತು, ಪ್ಯಾಕಿಸ್ಟ್ರೂಥಿಯೋ ಬೇಟೆ ಮೃಗಗಳಿದ್ದ ಬಯಲಿನಲ್ಲಿ ಓಡಾಡಿತು. ದಕ್ಷಿಣ ಅಮೆರಿಕದಲ್ಲಿ ಫೊರುಸ್ರಾಸಿಡ್‌ ಎಂಬ ಮಾಂಸಾಹಾರಿ ಹಕ್ಕಿಗಳೇ ಬೇಟೆಗಾರರಾಗಿದ್ದವು. ಪ್ಯಾಟಗೋನಿಯಾದ ಕೆಲೆಂಕೆನ್ ತಲೆಬುರುಡೆ 71 ಸೆಂಟಿಮೀಟರ್ ಉದ್ದ. ಒರಟು ಸೊಪ್ಪು ಜೀರ್ಣವಾಗಲು ದೊಡ್ಡ ಕರುಳು ಬೇಕು, ಅದನ್ನು ಹೊರಲು ದೊಡ್ಡ ಮೈ ಬೇಕು ಎಂಬ ಆಹಾರದ ವಾದವನ್ನು ಜೊತೆಗಿಟ್ಟುಕೊಂಡರೂ ಬೇಟೆಹಕ್ಕಿಗಳಿಗೆ ಅದು ಅನ್ವಯವಾಗದು.

ಅಳಿವಿನ ವಾದಗಳು

ಮೋವಾ ವಿಷಯದಲ್ಲಿ ಒಮ್ಮತ ಹೆಚ್ಚು. ಪಾಲಿನೇಷ್ಯಾದವರು ನ್ಯೂಜಿಲೆಂಡಿಗೆ ಬಂದದ್ದು ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ; ಒಂದೆರಡು ಶತಮಾನದಲ್ಲಿ ಒಂಬತ್ತೂ ಜಾತಿಯ ಮೋವಾಗಳು ಇಲ್ಲವಾದವು. ಅವುಗಳನ್ನು ಬೇಟೆಯಾಡುತ್ತಿದ್ದ ಹಾಸ್ಟ್ ಹದ್ದು, ಹದ್ದುಗಳಲ್ಲೆಲ್ಲ ದೊಡ್ಡದು, ಜೊತೆಯಲ್ಲೇ ಹೋಯಿತು. ಮನುಷ್ಯ ಬರುವ ಮುಂಚೆ ಮೋವಾ ಸಂಖ್ಯೆ ಕುಸಿಯುತ್ತಿರಲಿಲ್ಲ ಎಂದು 2014ರ ಡಿಎನ್‌ಎ ಅಧ್ಯಯನ ಹೇಳಿದೆ. ಮೂಳೆಯೊಳಗಿನ ಬೆಳವಣಿಗೆಯ ಗೆರೆಗಳ ಪ್ರಕಾರ ಕೆಲವು ಮೋವಾಗಳು ಬಲಿಯಲು ಹತ್ತಿರ ಹತ್ತಿರ ಒಂದು ದಶಕ ಬೇಕಿತ್ತು. ಇಷ್ಟು ನಿಧಾನದ ಬಾಳು ಸಣ್ಣ ಪ್ರಮಾಣದ ಬೇಟೆಯನ್ನೂ ತಾಳದು.

ಆಸ್ಟ್ರೇಲಿಯಾದ ಗೆನ್ಯಾರ್ನಿಸ್ ವಿಷಯದಲ್ಲಿ ಒಮ್ಮತವಿಲ್ಲ. ಸುಮಾರು 45ರಿಂದ 50 ಸಾವಿರ ವರ್ಷ ಹಿಂದೆ ಅಳಿದ ಇದರ ಸುಟ್ಟ ಮೊಟ್ಟೆಯೋಡುಗಳನ್ನು ಮನುಷ್ಯರ ಅಡುಗೆಯ ಗುರುತೆಂದು ಗಿಫರ್ಡ್ ಮಿಲ್ಲರ್ ತಂಡ 2016ರಲ್ಲಿ ಓದಿತು. ಆ ಓಡು ಗೆನ್ಯಾರ್ನಿಸ್‌ನದ್ದೇ ಅಲ್ಲ ಎಂಬ ಆಕ್ಷೇಪ ಅದೇ ವರ್ಷ ಬಂತು. ಓಡಿನೊಳಗಿನ ಪ್ರೋಟೀನ್ ಓದಿದ 2022ರ ಅಧ್ಯಯನ ಮಿಲ್ಲರ್ ಪಕ್ಷಕ್ಕೆ ಬಲ ಕೊಟ್ಟಿತು. ಇನ್ನೊಂದು ಕಡೆ, ಬತ್ತಿದ ಕ್ಯಾಲಬೊನ್ನಾ ಸರೋವರದ ಗೆನ್ಯಾರ್ನಿಸ್ ಮೂಳೆಗಳಲ್ಲಿ ಸೋಂಕಿನ ಗಾಯಗಳು ಕಂಡಿವೆ. ಬರಗಾಲವೂ ಪಾಲುದಾರ ಎನ್ನುವವರಿಗೆ ಅದು ಸಾಕ್ಷಿ.

ಮಡಗಾಸ್ಕರ್ ಇನ್ನೂ ಜಟಿಲ. ಹ್ಯಾನ್ಸ್‌ಫರ್ಡ್ ತಂಡ 2018ರಲ್ಲಿ ಸುಮಾರು 10,500 ವರ್ಷ ಹಳೆಯ ಆನೆಹಕ್ಕಿ ಮೂಳೆಯ ಮೇಲೆ ಕತ್ತಿಯ ಗುರುತುಗಳನ್ನು ಕಂಡಿತು. ಅದು ನಿಜವಾದರೆ ಮನುಷ್ಯನೂ ಆನೆಹಕ್ಕಿಯೂ ಒಂಬತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜೊತೆಗಿದ್ದರು. ಆ ಗುರುತುಗಳು ಆಯುಧದವಲ್ಲ ಎನ್ನುವವರು ಮನುಷ್ಯರ ಆಗಮನವನ್ನು ಬಹಳ ಈಚೆಗೆ ತರುತ್ತಾರೆ. ಸುಮಾರು ಸಾವಿರ ವರ್ಷ ಹಿಂದೆ ದನ ಮೇಯಿಸುವುದು, ಕಾಡು ಸುಡುವುದು ಹೆಚ್ಚಿದಾಗ ಆನೆಹಕ್ಕಿ ಅಳಿಯಿತು ಎಂಬ ವಾದ ಈಗ ಬಲ ಪಡೆಯುತ್ತಿದೆ.

ಈ ಪಟ್ಟಿಯಲ್ಲಿ ಭಾರತವೂ ಇದೆ. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯೋಡುಗಳು ಸಿಕ್ಕಿವೆ. ಮಹಾರಾಷ್ಟ್ರದ ಪಟ್ನೆಯಲ್ಲಿ ಸುಮಾರು 25 ಸಾವಿರ ವರ್ಷ ಹಿಂದಿನ ಜನ ಅದರಿಂದ ಮಣಿ ಮಾಡಿದ್ದರು, ಅದರ ಮೇಲೆ ಗೆರೆ ಕೊರೆದಿದ್ದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಪಾಲುಗೊಂಡ 2017ರ ಅಧ್ಯಯನ ಈ ಓಡುಗಳ ಡಿಎನ್‌ಎ ಆಫ್ರಿಕಾದ ಉಷ್ಟ್ರಪಕ್ಷಿಗೆ ಹತ್ತಿರದ್ದೆಂದು ತೋರಿಸಿತು.

ಇನ್ನೂ ಇತ್ಯರ್ಥವಾಗದ್ದು

ನಾಲ್ಕು ಪ್ರಶ್ನೆಗಳು ಉಳಿದಿವೆ. ವೊರೊಂಬೆ ಬೇರೆ ಹಕ್ಕಿಯೋ, ಈಪಿಯಾರ್ನಿಸ್‌ನ ಹೆಣ್ಣೋ? ಡಿಎನ್‌ಎ ಉಳಿಸಿಕೊಂಡ ಒಂದು ದೊಡ್ಡ ಮೂಳೆ ಸಿಕ್ಕರೆ ಇದು ತೀರ್ಮಾನವಾಗುತ್ತದೆ. ಅರ್ಜೆಂಟೇವಿಸ್‌, ಪೆಲಗಾರ್ನಿಸ್‌ಗಳಲ್ಲಿ ಯಾರ ರೆಕ್ಕೆ ಉದ್ದ? ಗರಿಯ ಗುರುತಿರುವ ಜೀವಾಶ್ಮ ಸಿಗುವವರೆಗೆ ಇದಕ್ಕೆ ಉತ್ತರವಿಲ್ಲ. ಹಾರುವ ಹಕ್ಕಿಯ ಮಿತಿಯನ್ನು ಕಟ್ಟಿದ್ದು ಸ್ನಾಯುವೋ ಗರಿಯೋ ಕಾಲೋ? ಮೂರೂ ಬೇರೆ ಬೇರೆ ಹಕ್ಕಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೆಲಸ ಮಾಡಿರಬೇಕು ಎಂದು ನನಗೆ ಅನ್ನಿಸುತ್ತದೆ, ಆದರೆ ಅವುಗಳನ್ನು ಒಂದೇ ಲೆಕ್ಕದಲ್ಲಿ ಕೂಡಿಸಿ ತೋರಿಸುವ ಕೆಲಸ ಬಾಕಿಯಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುತ್ತೇನೆ. ಮನುಷ್ಯ ಅತಿ ಹೆಚ್ಚು ಕಾಲ ಬಾಳಿದ ನೆಲ ಆಫ್ರಿಕಾ. ಅಲ್ಲಿಯೇ ಉಷ್ಟ್ರಪಕ್ಷಿ ಉಳಿಯಿತು, ಭಾರತದಲ್ಲಿ ಅಳಿಯಿತು. ನಮ್ಮ ಜೊತೆಗೇ ವಿಕಾಸವಾದ್ದರಿಂದ ಅದು ಭಯವನ್ನೂ ಓಟವನ್ನೂ ಕಲಿತುಕೊಂಡಿತೋ, ಒಂದು ಗೂಡಿನಲ್ಲಿ ಹತ್ತಾರು ಮೊಟ್ಟೆಯಿಡುವ ಅಭ್ಯಾಸ ಕಾಪಾಡಿತೋ, ಬಯಲಿನ ವಿಸ್ತಾರವೇ ಕಾರಣವೋ? ಇದರ ಉತ್ತರ ಇಂದಿನ ಕೆಲಸಕ್ಕೆ ಬೇಕು. ಎರ್ಲಡ್ಡು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿ. ದೇಶದಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು. ವಿದ್ಯುತ್ ತಂತಿಗೆ ಬಡಿದು ಸಾಯುವುದು ಈಗ ಅದಕ್ಕಿರುವ ದೊಡ್ಡ ಅಪಾಯ. ನಿಧಾನವಾಗಿ ಬೆಳೆದು, ಕಡಿಮೆ ಮರಿಮಾಡುವ ದೊಡ್ಡ ಹಕ್ಕಿ ಮನುಷ್ಯರ ನಡುವೆ ಬಾಳಬೇಕಾದರೆ ಎಷ್ಟು ನೆಲ, ಎಷ್ಟು ನೆಮ್ಮದಿ ಬೇಕು ಎಂಬ ಲೆಕ್ಕವನ್ನು ಮೋವಾ ಮೂಳೆಗಳಿಂದ ಕಲಿಯಬಹುದು. ಆ ಲೆಕ್ಕ ಎರೆಭೂಮಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಇನ್ನೂ ತೆರೆದೇ ಇರುವ ಪ್ರಶ್ನೆ. ಉಳಿದ ಮೂರರಂತೆ ಇದು ಕಾಯಲಾರದು.